ಒಂದು ತೊಟ್ಟು ಬೆನ್ನುಹುರಿಯ ನೀರು

ರಾಮನಗರವನ್ನು ಇನ್ನೂ ಕ್ಲೋಸ್‌ಪೇಟೆ ಎನ್ನುತ್ತಿದ್ದ ಕಾಲದಲ್ಲಿ ನಾನು ಅಲ್ಲಿ ಒಬ್ಬ ಡಾಕ್ಟರ ಬಳಿ ಕಂಪೌಂಡರಾಗಿದ್ದೆ. ಔಷಧಿ ಕಲಸುವುದು ಯಾರಿಗೆ ಬೇಕು, ನನಗೆ ಪರೀಕ್ಷೆಗಳ ಹುಚ್ಚು. ಅದರಲ್ಲೂ ಬೆನ್ನುಹುರಿಯ ನೀರಿನದು. ಗಾಜಿನ ಬಟ್ಟಲಲ್ಲಿ ಕಾರ್ಬಾಲಿಕ್ ನೀರು, ಬಟ್ಟಲ ಕೆಳಗೆ ಕಪ್ಪು ಕಾಗದ, ಮೇಲಿಂದ ರೋಗಿಯ ಬೆನ್ನಿನ ನೀರು ಒಂದೇ ತೊಟ್ಟು. ಬೀಡಿ ಹೊಗೆಯಂತೆ ಬೆಳ್ಳಗೆ ಎದ್ದರೆ ಪ್ರೋಟೀನು ಹೆಚ್ಚಿದೆ, ಮಿದುಳು ಜ್ವರದ ಗುಮಾನಿ. ತಿಳಿಯಾಗಿಯೇ ಉಳಿದರೆ ಬಚಾವು. ಎಷ್ಟು ದಟ್ಟ ಎಂಬುದನ್ನು ಕಣ್ಣಲ್ಲೇ ಅಳೆಯಬೇಕು. ನನ್ನ ಕಣ್ಣು ತಪ್ಪುವುದಿಲ್ಲ ಎಂದು ಊರೆಲ್ಲ ಕೊಚ್ಚಿಕೊಂಡಿದ್ದೆ.

ಒಂದು ಸಲ ನನ್ನ ಹೆಂಡತಿಗೇ ಜ್ವರ ಏರಿ ಕತ್ತು ಬಿಗಿದುಕೊಂಡಿತು. ಆಗ ಮಿದುಳು ಜ್ವರ ಬಂದವರು ಉಳಿಯುವುದೇ ಅಪರೂಪ. ಡಾಕ್ಟರು ಮನೆಗೇ ಬಂದು, ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ತೊಟ್ಟು ಬಿಡುವ ಗಾಜಿನ ಕೊಳವೆ ತೊಳೆಯಲು ಕುದ್ದ ನೀರು ಬೇಕಿತ್ತು, ನಮ್ಮ ಒಲೆಯೋ ಬೆಳಗಿನಿಂದ ಹೊತ್ತಿರಲಿಲ್ಲ. ಪಕ್ಕದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯ ಅಜ್ಜಿಯನ್ನು ಕೇಳಿದೆ. ತಂಬಿಗೆ ತುಂಬ ಕೊಟ್ಟರು. ಕೊಳವೆಗೆ ಅದನ್ನೇ ಎಳೆದು ಬಿಟ್ಟು, ಸರಿಯಾಗಿ ಕೊಡವುವ ವ್ಯವಧಾನವೂ ಇಲ್ಲದೆ ಪರೀಕ್ಷೆಗೆ ಕೂತೆ.

ಹೊಗೆ ಎದ್ದಿತು, ದಟ್ಟವಾಗಿ. ತಪ್ಪದ ಕಣ್ಣಲ್ಲವೇ ನನ್ನದು! ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ.

ಡಾಕ್ಟರು ನಿಧಾನದ ಮನುಷ್ಯ. ಇನ್ನೊಂದು ಬಟ್ಟಲು ಇಟ್ಟು, ತಂಬಿಗೆಯ ನೀರನ್ನೇ ಒಂದು ತೊಟ್ಟು ಬಿಟ್ಟರು. ಅದೂ ಹೊಗೆಯಾಡಿತು.

"ಏನ್ರೀ, ನೀರಿಗೂ ಮಿದುಳು ಜ್ವರವೇ?" ಎಂದರು.

ಅಜ್ಜಿಯನ್ನು ಕರೆಸಿ ವಿಚಾರಿಸಿದರೆ, ರೇಷ್ಮೆ ಗೂಡು ಬೇಯಿಸುವ ಬಾನಿಯಿಂದಲೇ ತೆಗೆದು, ಬಟ್ಟೆಯಲ್ಲಿ ಸೋಸಿ ಕೊಟ್ಟಿದ್ದರಂತೆ.

"ಕುದ್ದಿರೋ ನೀರು ಅಂದ್ರಿ. ನಮ್ಮನೇಲಿ ಬೆಳಗ್ಗಿಂದ ಕುದ್ದಿರೋದು ಇದೇ ಕಣಪ್ಪಾ" ಎಂದರು.

ಅವರ ಮೇಲೆ ಸಿಡುಕಲು ನನಗೆ ಬಾಯಿ ಎಲ್ಲಿತ್ತು? ಗೂಡು ಬಿಡುವ ಅಂಟು ಕೂಡ ಪ್ರೋಟೀನೇ ಎಂದು ಡಾಕ್ಟರು ತಿಳಿಸಿದರು. ಬಾನಿಯ ನೀರಿನ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಹುಟ್ಟಿದಾಗಿನಿಂದ ಅದನ್ನೇ ಉಸಿರಾಡಿದ ನನಗೆ ತಂಬಿಗೆಯಲ್ಲಿ ಏನೂ ಗೊತ್ತಾಗಿರಲಿಲ್ಲ.

ಒಲೆ ಹೊತ್ತಿಸಿ, ಬಾವಿ ನೀರು ಕುದಿಸಿ, ಕೊಳವೆಯನ್ನು ಮೂರು ಸಲ ತೊಳೆದೆ. ಉಳಿದಿದ್ದ ಬೆನ್ನಿನ ನೀರಿನಿಂದ ಮತ್ತೆ ಒಂದು ತೊಟ್ಟು ಬಿಟ್ಟೆ. ತೊಟ್ಟು ಇಳಿಯಿತು, ಕರಗಿತು. ಬಟ್ಟಲು ತಿಳಿಯಾಗಿಯೇ ಇತ್ತು.

ಜ್ವರ ವಾರದಲ್ಲಿ ಇಳಿಯಿತು. ಗಂಜಿ ಕುಡಿಯುವಷ್ಟು ಚೇತರಿಸಿಕೊಂಡ ಮೇಲೆ ಹೆಂಡತಿ ಕೇಳಿದಳು: "ನಾನು ಹೋಗ್ಬುಡ್ತೀನಿ ಅಂತ ಅತ್ರಂತೆ, ದಿಟವಾ?"

ದಿಟ ಎಂದೆ. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳೆದುರು ನಾನು ವಾದ ಮಾಡದೆ ಒಪ್ಪಿಕೊಂಡಿದ್ದು ಅದೊಂದೇ ಮಾತು.