ಗ್ಯಾರಂಟಿ ಕಾರ್ಡು ಹುಡುಕಲು ಬಂದವಳು

ಮನೆ ಮಾರಲು ಹೊರಟವರು ಯಾರಾದರೂ ನನ್ನ ಹತ್ತಿರ ಬಂದರೆ ನಾನು ಹೇಳುವುದು ಒಂದೇ ಮಾತು. ಕಾಗದಪತ್ರ ಎಲ್ಲಿಡುತ್ತೀರಿ ಎಂಬುದನ್ನು ಪಕ್ಕದ ಮನೆಯವರಿಗೆ ತೋರಿಸಬೇಡಿ. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಅನುಭವಿಸಿದವಳು ನಾನು.

ಕೂಡ್ಲಿಗಿಯಲ್ಲಿ ನಮ್ಮದೊಂದು ಮನೆಯಿತ್ತು. ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ಬೋರು. ನಮ್ಮವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ತೊಂಬತ್ತರ ದಶಕದಲ್ಲಿ ನಾವು ಆ ಮನೆ ಕಟ್ಟಿಸುವಾಗಲೇ ಪಕ್ಕದ ಸೈಟಿನಲ್ಲಿ ಇನ್ನೊಂದು ಮನೆ ಏಳುತ್ತಿತ್ತು. ಗಾರೆ ಕೆಲಸದವರಿಗೆ ಚಹಾ ಕಾಯಿಸಲು ಎರಡೂ ಮನೆಗೆ ಸೇರಿ ಒಂದೇ ಒಲೆ ಹೂಡಿದ್ದೆವು. ಆ ಒಲೆಯ ಮುಂದೆ ಶುರುವಾದ ಸ್ನೇಹ ನಮ್ಮದು. ಅವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಹಾಗಾಗಿ ಅಕ್ಕ. ನಾನು ಅವಳಿಗೆ ತಂಗಿ. ಅವಳ ಗಂಡನಿಗೆ ಶೇಂಗಾ ವ್ಯಾಪಾರ, ಲೋಡಿನ ಹಿಂದೆ ಊರೂರು ತಿರುಗುವ ಮನುಷ್ಯ, ಮಹಾ ಮುಂಗೋಪಿ. ನನಗೆ ತಾಯಿ ಇರಲಿಲ್ಲ. ಮಗಳು ಹುಟ್ಟಿದಾಗ ನನ್ನ ಬಾಣಂತನ ಮಾಡಿದವಳು ಇದೇ ಅಕ್ಕ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳೂ ಅವಳೇ. ಇದನ್ನೆಲ್ಲ ನಾನು ಮರೆತಿಲ್ಲ. ಮರೆತಿದ್ದರೆ ಮುಂದಿನದು ಇಷ್ಟು ಉರಿಯುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಎರಡೂ ಮನೆಯ ಹಳೇ ಮೋಟರುಗಳು ಕೈಕೊಟ್ಟವು. "ಜೋಡಿ ತಗೊಂಡ್ರ ರೇಟು ಇಳಸ್ತಾರ ತಂಗಿ, ನಡಿ ಹೋಗೂನು" ಎಂದಳು ಅಕ್ಕ. ಇಬ್ಬರೂ ಬಸ್ಸು ಹತ್ತಿ ಕೊಟ್ಟೂರಿಗೆ ಹೋಗಿ ಒಂದೇ ಅಂಗಡಿಯಲ್ಲಿ, ಬಿಲ್ಲು ಹಾಕಿಸದೆ ರೇಟು ಇಳಿಸಿಕೊಂಡು, ಬೋರಿನೊಳಗೆ ಇಳಿಬಿಡುವ ಎರಡು ಹೊಸ ಮೋಟರು ಕೊಂಡೆವು. ಅಂಗಡಿಯ ಯಜಮಾನರು ಎರಡು ಗ್ಯಾರಂಟಿ ಕಾರ್ಡಿಗೂ ತಾರೀಖು ಬರೆದು, ಸೀಲು ಹೊಡೆದು, ಸಹಿ ಹಾಕಿದರು. ಎರಡು ವರ್ಷದೊಳಗೆ ಸುಟ್ಟರೆ ಕಾರ್ಡು ತಗೊಂಡು ಮೋಟರು ಬದಲಿಸಿ ಕೊಡುತ್ತಾರೆ, ಒಂದು ಕಾರ್ಡಿಗೆ ಒಂದೇ ಸಲ. ಮೋಟರಿನ ನಂಬರ್ ಬರೆಯುವ ಜಾಗ ಮಾತ್ರ ಖಾಲಿ ಬಿಟ್ಟರು. "ನಂಬರ್ ಮೋಟರ್ ಮ್ಯಾಲ ಐತ್ರಿ, ಮನ್ಯಾಗ ನೀವ ಬರಕೊಳ್ರಿ" ಎಂದರು. ಆ ಕಡೆ ಅಂಗಡಿಗಳಲ್ಲಿ ಅದೇ ರೂಢಿ. ಸಂಜೆ ಮೋಟರು ಬೋರಿಗಿಳಿಯಿತು, ನಂಬರೂ ಅದರ ಜೊತೆಗೇ ಇಳಿಯಿತು. ಯಾರು ಬರೆದುಕೊಳ್ಳುತ್ತಾರೆ? ನಾನಂತೂ ಬರೆಯಲಿಲ್ಲ. ಕಾರ್ಡನ್ನು ಕರೆಂಟ್ ಬಿಲ್ಲು, ರೇಷನ್ ಕಾರ್ಡುಗಳ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಅಡಿಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಅಕ್ಕ ಅಲ್ಲೇ ನಿಂತಿದ್ದಳು.

ಮರುವರ್ಷ ನಮ್ಮವರಿಗೆ ಹರಪನಹಳ್ಳಿ ಡಿಪೋಕ್ಕೆ ವರ್ಗವಾಯಿತು. ಅಲ್ಲಿ ಮಗಳ ಶಾಲೆಗೆ ಹತ್ತಿರದಲ್ಲೇ ಒಂದು ಮನೆ ಸಿಕ್ಕಿತು. ನೋಡಿದ ದಿನವೇ ನನ್ನ ಮನಸ್ಸು ಅದರಲ್ಲಿ ನಿಂತುಬಿಟ್ಟಿತು, ಹೊಲಿಗೆ ಮಷೀನು ಯಾವ ಕಿಟಕಿಯ ಕೆಳಗೆ ಎಂಬುದನ್ನೂ ಅಂದೇ ಗೊತ್ತುಮಾಡಿಕೊಂಡಿದ್ದೆ. ಮುಂಗಡ ಕೊಟ್ಟೆವು. ಉಳಿದದ್ದನ್ನು ಯುಗಾದಿಯೊಳಗೆ ಕೊಡಬೇಕು, ಇಲ್ಲದಿದ್ದರೆ ಆ ಮನೆ ಬೇರೆಯವರ ಪಾಲು. ಕೂಡ್ಲಿಗಿಯ ಮನೆ ಮಾರದೆ ನಮಗೆ ಬೇರೆ ದಾರಿ ಇರಲಿಲ್ಲ.

ಕೊಳ್ಳಲು ಬಂದವರು ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯ ಗುಮಾಸ್ತರು. ಗೋಡೆ ಬಡಿದು ನೋಡುವ, ನಲ್ಲಿ ತಿರುವಿ ಕಿವಿಗೊಡುವ ಜಾತಿಯ ಮನುಷ್ಯ. ಎಲ್ಲ ಒಪ್ಪಿಗೆಯಾಯಿತು. ಕೊನೆಗೆ ಬೋರಿನ ಮೋಟರು ಹೊಸದೋ ಹಳೆಯದೋ ಎಂದು ಕೇಳಿದರು. ನನಗೆ ಹೆಮ್ಮೆ ನೋಡಿ, "ಹೊಸಾದ್ರಿ. ಗ್ಯಾರಂಟಿ ಇನ್ನಾ ಮುಗದಿಲ್ಲ, ಕಾರ್ಡ್ ಐತಿ" ಎಂದೆ.

"ಹಂಗಾರ ಅಗ್ರಿಮೆಂಟ್ ದಿನ ಅದನ್ನೂ ಕೊಡ್ರಿ" ಎಂದರು. "ಹಿಂದಕ ಒಂದು ಮನಿ ತಗೊಂಡು ಸುಟ್ಟ ಮೋಟರ್ ಕೊರಳಿಗೆ ಕಟ್ಕೊಂಡೀನಿ ನಾ. ಈ ಊರಾಗ ನೀರಿಲ್ಲಂದ್ರ ಮನಿ ತಗೊಂಡು ಏನ್ ಮಾಡ್ಲಿ."

ಅವರು ಹೋದ ಮೇಲೆ ಕವರು ಬಿಚ್ಚಿದೆ. ಕರೆಂಟ್ ಬಿಲ್ಲಿತ್ತು, ರೇಷನ್ ಕಾರ್ಡಿತ್ತು. ಗ್ಯಾರಂಟಿ ಕಾರ್ಡಿರಲಿಲ್ಲ.

ನಮ್ಮವರು ಆಗಲೇ ಹರಪನಹಳ್ಳಿಯಲ್ಲಿ ಕೆಲಸಕ್ಕೆ ಸೇರಿದ್ದರು. ಮನೆಯಲ್ಲಿ ನಾನು, ಮಗಳು. ಅಳು ಬಂದಂತಾಗಿ ಗೋಡೆಯಾಚೆ ಕೂಗಿದೆ, "ಅಕ್ಕಾ, ಸ್ವಲ್ಪ ಬಾ." ಕೈ ಒರೆಸಿಕೊಳ್ಳುತ್ತ ಬಂದಳು. ವಿಷಯ ಕೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಡುಕಲು ನಿಂತೇಬಿಟ್ಟಳು. ಎಂಥ ಹುಡುಕಾಟ ಅಂತೀರಿ. ಟ್ರಂಕು ಬೋರಲು ಹಾಕಿದಳು. ದೇವರ ಫೋಟೋಗಳನ್ನು ಇಳಿಸಿ ಹಿಂದಿನ ರಟ್ಟು ಬಿಚ್ಚಿ ನೋಡಿದಳು. ಕಪಾಟಿನ ಹಾಳೆ ಕಿತ್ತಳು, ಗಾದಿಯ ಹೊಲಿಗೆ ಮುಟ್ಟಿ ನೋಡಿದಳು, ಜೋಳದ ಹಿಟ್ಟಿನ ಡಬ್ಬಿಗೂ ಕೈ ಹಾಕಿದಳು. ನಾನು ಸೋತು ಕೂತರೆ ಅವಳು ಕೂರಲಿಲ್ಲ. "ಮನಿ ಬಿಟ್ಟು ಎಲ್ಲಿ ಹೋಗತೈತಿ, ಸಿಗತೈತಿ ತಗೋ" ಎನ್ನುತ್ತಲೇ ಇದ್ದಳು. ಮರುದಿನವೂ ಬಂದಳು.

ಸಿಗದಿದ್ದಾಗ ಮುಡುಪು ಕಟ್ಟೋಣವೆಂದಳು. ನಮ್ಮ ಕಡೆ ಒಡವೆ ಕಳೆದರೂ ಎಮ್ಮೆ ತಪ್ಪಿಸಿಕೊಂಡರೂ ಕಟ್ಟುತ್ತಾರೆ. ನನ್ನದೇ ಹೊಲಿಗೆಯ ತುಂಡು ಬಟ್ಟೆಯೊಂದನ್ನು ಅರಿಶಿನದಲ್ಲಿ ಅದ್ದಿ, ಒಂದು ರೂಪಾಯಿ ಇಟ್ಟು ಗಂಟು ಹಾಕಿದಳು. "ಮೈಲಾರಲಿಂಗಪ್ಪ, ನನ್ನ ತಂಗಿ ಕಾರ್ಡ್ ಸಿಗಲಿ, ಇಬ್ಬರೂ ಬಂದು ಒಪ್ಪಸ್ತೀವಿ" ಎಂದು ಕಣ್ಣು ಮುಚ್ಚಿ ಬೇಡಿಕೊಂಡು ದೇವರ ಜಗಲಿಯ ಮೇಲೆ ಕಟ್ಟಿದಳು. ನಾನೂ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದೆ. ಇಂಥವಳನ್ನು ಬಿಟ್ಟು ಹೋಗಬೇಕಲ್ಲ ಎಂದುಕೊಂಡೆ.

ಗುಮಾಸ್ತರಿಗೆ ಕಾರ್ಡು ಸಿಗುತ್ತಿಲ್ಲವೆಂದು ಫೋನಿನಲ್ಲಿ ಹೇಳಿದೆ. "ಇಲ್ಲದ್ದನ್ನ ಐತಿ ಅಂತ ಯಾಕ ಹೇಳಿದ್ರಮ್ಮ" ಎಂದರು. ಅಂಗಡಿಯಿಂದ ಇನ್ನೊಂದು ಕಾರ್ಡು ಬರೆಸಿಕೊಂಡು ಬರುತ್ತೇನೆಂದು ಮಾತು ಕೊಟ್ಟು ಮರುದಿನವೇ ಕೊಟ್ಟೂರಿಗೆ ಹೋದೆ.

ಅಂಗಡಿಯ ಯಜಮಾನರಿಗೆ ನನ್ನ ಗುರುತು ಸಿಕ್ಕಿತು. ಸಂಗತಿ ಹೇಳಿದರೆ ಅವರು ನನ್ನ ಮುಖವನ್ನೇ ನೋಡಿದರು.

"ನಿಮ್ಮ ಕಾರ್ಡ್ ಇಲ್ಲೇ ಬಂದೈತಲ್ಲಮ್ಮ. ನಿಮ್ಮ ಜೋಡಿ ಬಂದಿದ್ದ ಆಯಮ್ಮ ತಂದು ಕೊಟ್ಟಾಳ. ಸುಟ್ಟ ಮೋಟರ್ ಕೊಟ್ಟು ಹೊಸಾದು ತಗೊಂಡು ಹೋಗ್ಯಾಳ."

"ಅದು ಆಕಿ ಕಾರ್ಡ್ ಇರಬೇಕ್ರಿ."

"ಆಕಿದು ಅದಕ್ಕಿಂತ ಮದ್ಲ ಒಂದ ಸಲ ಆಗಿತ್ತು. ಇದು ಎರಡನೇ ಸಲ. ಇದ್ಯಾರ ಕಾರ್ಡಮ್ಮ ಅಂತ ಕೇಳಿದೆ. ತಂಗೀದು, ಆಕೀನ ಕೊಟ್ಟು ಕಳಿಸ್ಯಾಳ ಅಂದ್ಲು. ನೀವಿಬ್ರೂ ಒಂದ ಮನಿಯವರಂಗ ಇದ್ರಿ, ನಾನೂ ಹೆಚ್ಚಿಗಿ ಕೇಳಲಿಲ್ಲ." ಆಮೇಲೆ ಹೇಳಿದರು, "ಇನ್ನೊಂದು ಕೊಡಾಕ ಬರಾದಿಲ್ಲಮ್ಮ. ಆ ಕಾರ್ಡಿನ ಗ್ಯಾರಂಟಿ ತೀರಿಹೋತು."

 ನನ್ನ ಸ್ವಂತ ತಂಗಿಯ ಮದುವೆಗೆಂದು ನಾನು ಹಡಗಲಿಗೆ ಹೋದಾಗ ತುಳಸಿಗೆ ನೀರು ಹಾಕಲು ಮನೆಯ ಕೀಲಿ ಅಕ್ಕನ ಕೈಗೆ ಕೊಟ್ಟು ಹೋಗಿದ್ದೆ. ಆಗ ಒಯ್ದಿದ್ದಾಳೆ. ಖಾಲಿ ಬಿಟ್ಟ ಜಾಗದಲ್ಲಿ ತನ್ನ ಸುಟ್ಟ ಮೋಟರಿನ ನಂಬರು ಬರೆದುಕೊಂಡಿದ್ದಾಳೆ. ಬಸ್ಸಿನಲ್ಲಿ ಕೂತು ಬರುವಾಗ ಕಾರ್ಡಿಗಿಂತ ಆ ಹುಡುಕಾಟವೇ ಕಣ್ಣ ಮುಂದೆ ಬರುತ್ತಿತ್ತು. ಹಿಟ್ಟಿನ ಡಬ್ಬಿಯಲ್ಲಿ ಮೊಣಕೈತನಕ ಕೈ ಹಾಕಿದ್ದಳಲ್ಲ, ಏನನ್ನು ಹುಡುಕುತ್ತಿದ್ದಳು ಆ ಪುಣ್ಯಾತ್ಗಿತ್ತಿ?

ಮನೆಗೆ ಬಂದವಳೇ ಜಗಲಿಯ ಮೇಲಿನ ಮುಡುಪು ಕಿತ್ತುಕೊಂಡು ಪಕ್ಕದ ಮನೆಗೆ ನಡೆದೆ. ಪಡಸಾಲೆಯಲ್ಲಿ ಕೂತು ಶೇಂಗಾ ಆರಿಸುತ್ತಿದ್ದಳು. ಗಂಟನ್ನು ಅವಳ ಕೈಯಲ್ಲಿಟ್ಟು, "ತಗೋ ಅಕ್ಕ, ಮೈಲಾರಲಿಂಗಪ್ಪ ಹುಡುಕಿಕೊಟ್ಟ. ಕೊಟ್ಟೂರಿನ ಅಂಗಡ್ಯಾಗ ಐತಂತ" ಎಂದೆ.

ಅವಳು ಗಂಟನ್ನು ಶೇಂಗಾದ ಮೊರದ ಮೇಲಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು, "ಸ್ವಿಚ್ ಹಾಕಿ ಮರತು ಸಂತಿಗೆ ಹೋಗಿದ್ದೆ. ಬೋರಿನ್ಯಾಗ ನೀರಿಲ್ದ ಓಡಿ ಓಡಿ ಸುಟ್ಟುಹೋತು. ನಮ್ಮ ಕಾರ್ಡ್ ಮದ್ಲ ತೀರಿತ್ತು. ಇವರು ಊರಾಗ ಇರಲಿಲ್ಲ. ಬಂದು ನೋಡಿದ್ರ ನನ್ನ ಜೀವಸಹಿತ ಬಿಡ್ತಿದ್ರೇನು?"

"ನನ್ನ ಕೇಳಿದ್ರ ಕೊಡ್ತಿದ್ನಲ್ಲಕ್ಕ."

"ನೀ ಊರಾಗ ಇರಲಿಲ್ಲ. ಬಂದಮ್ಯಾಲ ಹೇಳಾಕ ಬಾಯಿ ಬರಲಿಲ್ಲ."

"ಹಂಗಾರ ನನ್ನ ಜೋಡಿ ಯಾಕ ಹುಡುಕಿದಿ?"

"ನೀ ಕರದಿ. ಬಂದೆ."

ಇಷ್ಟೇ ಉತ್ತರ. ನನಗೆ ಅವಳನ್ನು ಹಿಡಿದು ಅಲುಗಾಡಿಸಬೇಕೆನಿಸಿತು. ಅಷ್ಟರಲ್ಲಿ ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು. "ಇವರ ಕಿವಿಗೆ ಬಿದ್ರ ನನ್ನ ಸಂಸಾರ ಮುಗೀತು ತಂಗಿ. ನಿನ್ನ ಬಾಣಂತನ ಮಾಡೀನಿ, ಆ ಋಣಕ್ಕರ ಬಾಯಿ ಬಿಡಬ್ಯಾಡ" ಎಂದಳು. ಅದನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಮಾಡಿದ್ದನ್ನು ಎತ್ತಿ ಆಡುವ ಹೆಂಗಸಾಗಿರಲಿಲ್ಲ ಅವಳು. ನಾನು ಕರಗಿಹೋದೆ, ಹುಚ್ಚಿ.

ಹರಪನಹಳ್ಳಿಗೆ ಫೋನು ಮಾಡಿದರೆ ನಮ್ಮವರು, "ಇದ್ದದ್ದು ಇದ್ದಂಗ ಅವರಿಗೆ ಹೇಳಿಬಿಡು" ಎಂದರು. "ಆಕಿ ಮನಿ ಒಡೀತೈತ್ರಿ" ಎಂದೆ. ಗುಮಾಸ್ತರನ್ನು ಗೋಗರೆದೆ. ಅವರು ಕೊನೆಗೆ ಒಂದು ದಾರಿ ತೋರಿಸಿದರು. ಮೋಟರು ಹೋದ ವರ್ಷ ಹೊಸದಾಗಿ ತಂದದ್ದೆಂದು ನೆರೆಮನೆಯವರು ಎದುರಿಗೆ ನಿಂತು ಹೇಳಿದರೆ ಸಾಕು, ಅದನ್ನೇ ನಂಬಿ ಅಗ್ರಿಮೆಂಟ್ ಮಾಡುತ್ತೇನೆಂದರು. ನನಗೆ ಹೋದ ಜೀವ ಬಂದಂತಾಯಿತು. ನೆರೆಮನೆಯೆಂದರೆ ಅವಳೇ ತಾನೆ? ಜೊತೆಗೆ ಬಂದು ಕೊಂಡವಳು.

ಓಡಿಹೋಗಿ ಅಕ್ಕನಿಗೆ ಹೇಳಿದೆ. "ಕಾರ್ಡಿನ ಸುದ್ದಿ ಬ್ಯಾಡ. ಇಬ್ಬರೂ ಒಂದ ದಿನ ಕೊಟ್ಟೂರಾಗ ತಂದ್ವಿ ಅನ್ನು. ಅದು ಖರೇನ ಐತಲ್ಲ."

"ಹೇಳ್ತೀನಿ, ಮಕ್ಕಳಾಣಿ" ಎಂದಳು.

ಭಾನುವಾರ ಗುಮಾಸ್ತರು ಬಂದರು. ನಾನು ಕಾಂಪೌಂಡಿನ ಬಳಿ ನಿಂತು ಅಕ್ಕನನ್ನು ಕರೆದೆ. ಅವಳ ಗಂಡ ಹಿಂದಿನ ದಿನವೇ ಊರಿಂದ ಬಂದಿದ್ದ, ಒಳಗೆ ಊಟಕ್ಕೆ ಕೂತಿದ್ದ, ತಾಟಿನ ಸದ್ದು ಕೇಳುತ್ತಿತ್ತು. ಅವಳು ಹೊರಗೆ ಬಂದು ಗೋಡೆಯ ಆಚೆ ನಿಂತಳು. ಗುಮಾಸ್ತರು ಮರ್ಯಾದೆಯಿಂದಲೇ ಕೇಳಿದರು, "ಇವರ ಮೋಟರ್ ಹೋದ ವರ್ಷ ತಂದಿದ್ದೇನ್ರಿ? ನೀವೂ ಜೋಡಿ ತಂದೀರಂತ. ನಿಮ್ಮ ಕಾರ್ಡರ ತೋರಸ್ರಿ, ತಾರೀಖು ನೋಡ್ಕೊಂತೀನಿ, ಮುಗೀತು."

ಕಾರ್ಡು ಎಂದಕೂಡಲೇ ಅವಳು ಒಮ್ಮೆ ತನ್ನ ಬಾಗಿಲ ಕಡೆ ನೋಡಿದಳು. ತೋರಿಸಲು ಅವಳ ಹತ್ತಿರ ಕಾರ್ಡೆಲ್ಲಿತ್ತು, ಅದೂ ಅಂಗಡಿ ಸೇರಿತ್ತು.

"ನನಗೇನ್ ಗೊತ್ತಿಲ್ರಿ" ಎಂದಳು. "ಅವರು ಯಾವಾಗ ತಂದಾರೋ, ಎಲ್ಲಿ ತಂದಾರೋ."

"ಭಾಳ ವರ್ಷದ ಗೆಳೆತನ ಅಂದ್ರಲ್ರಿ ಇವರು?"

"ಹಂಗೇನಿಲ್ರಿ. ಪಕ್ಕದ ಮನಿ ಅಂದಮ್ಯಾಲ ಎದುರಾದ್ರ ಮಾತಾಡ್ತೀವಿ. ಹೋಗಿ ಬರೋದು ನಮಗ ಅಷ್ಟಿಲ್ಲ."

ನನ್ನ ಮಗಳು ನನ್ನ ಸೀರೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. "ದೊಡ್ಡವ್ವ" ಎಂದು ದಿನಕ್ಕೆ ಹತ್ತು ಸಲ ಆ ಮನೆಗೆ ಓಡುವ ಕೂಸು. ಅದು ಒಮ್ಮೆ ಅವಳ ಮುಖ ನೋಡಿತು, ಒಮ್ಮೆ ನನ್ನ ಮುಖ ನೋಡಿತು. ಕಾರ್ಡು ಒಯ್ದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ಎಲ್ಲವನ್ನೂ ಅಲ್ಲೇ ಹೇಳಿಬಿಡಲು ಬಾಯಿ ತೆರೆದೆ. ಒಳಗಿನಿಂದ ಅವಳ ಗಂಡ, "ಯಾರಲೇ ಅದು?" ಎಂದು ಗದರಿಸಿದ. ಅವಳ ತುಟಿ ಬಿಳುಚಿಕೊಂಡಿತು. ನಾನು ಬಾಯಿ ಮುಚ್ಚಿಕೊಂಡೆ.

ಗುಮಾಸ್ತರು ನನ್ನತ್ತ ತಿರುಗಿ, "ಇಂಥಾ ಸುಳ್ಳು ಹೇಳಬಾರದಮ್ಮ" ಎಂದಷ್ಟೇ ಹೇಳಿ ಹೊರಟುಹೋದರು. ಸುಳ್ಳಿ ಎನ್ನಿಸಿಕೊಂಡು ನಾನು ನನ್ನ ಮನೆಯ ಅಂಗಳದಲ್ಲಿ ನಿಂತಿದ್ದೆ.

ಯುಗಾದಿ ಬಂತು, ಹೋಯಿತು. ಮನೆ ಮಾರಾಟವಾಗಲಿಲ್ಲ. ಹರಪನಹಳ್ಳಿಯ ಆ ಮನೆಯನ್ನು ಬೇರೆಯವರು ಕೊಂಡರು. ನಮ್ಮವರು ಅಲ್ಲೊಂದು ಬಾಡಿಗೆ ಕೋಣೆಯಲ್ಲಿ, ನಾನು ಮಗಳು ಇಲ್ಲಿ, ಹೀಗೆಯೇ ಇನ್ನೊಂದು ವರ್ಷ. ಆ ವರ್ಷವೆಲ್ಲ ಅವಳ ಗೋಡೆಯ ಪಕ್ಕದಲ್ಲೇ ಬಾಳಿದೆ. ಅವಳು ಅತ್ತ ಬಟ್ಟೆ ಒಣಹಾಕಲು ಬಂದರೆ ನಾನು ಇತ್ತ ಒಳಗೆ ಹೋಗುತ್ತಿದ್ದೆ. ಮಗಳು ದೊಡ್ಡವ್ವನ ಮನೆಗೆ ಹೋಗುತ್ತೇನೆಂದು ಹಟ ಮಾಡಿದಾಗ ಎರಡು ಬಿಗಿದೆ. ಆಮೇಲೆ ನಾನೇ ಕೂತು ಅತ್ತೆ.

ಕೊನೆಗೆ ಮನೆ ಕೊಂಡವರು ಮೋಟರಿನ ಮಾತನ್ನೇ ಎತ್ತಲಿಲ್ಲ. ಸಾಮಾನು ಲಾರಿಗೆ ಏರಿಸುವ ದಿನ ಓಣಿಯ ಹೆಂಗಸರೆಲ್ಲ ಬಂದು ನಿಂತಿದ್ದರು. ಅವಳೂ ಬಂದಳು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ, ಹಸಿರು ಕುಪ್ಪಸದ ಬಟ್ಟೆ. ಊರು ಬಿಡುವ ಮುತ್ತೈದೆಗೆ ಉಡಿ ತುಂಬಲು. ಕಣ್ಣಲ್ಲಿ ನೀರು ತಂದುಕೊಂಡು, ಎಲ್ಲರಿಗೂ ಕೇಳುವಂತೆ, "ಒಂದ ಒಲಿ ಮುಂದ ಕೂತು ಮನಿ ಕಟ್ಟಿಸಿದ್ವಿ. ಒಡಹುಟ್ಟಿದವರೂ ಹಿಂಗ ಇರಂಗಿಲ್ಲ. ಸೆರಗು ಒಡ್ಡು ತಂಗಿ" ಎಂದಳು.

ಕೇಳಿದ ಹೆಂಗಸರು ಕಣ್ಣೊರೆಸಿಕೊಂಡರು. ನಾನು ಕೈ ಕಟ್ಟಿಕೊಂಡು ನಿಂತೆ.  "ಬ್ಯಾಡ, ಒಳಗ ಒಯ್ದಿಡು" ಎಂದೆ. ಅಕ್ಕ ಎನ್ನಲಿಲ್ಲ. ಉಡಿಯನ್ನು ಬೇಡವೆಂದ ಹೆಂಗಸನ್ನು ಆ ಓಣಿ ಅದಕ್ಕೆ ಮೊದಲು ಕಂಡಿರಲಿಲ್ಲ, ನನಗೆ ಸೊಕ್ಕು ಎಂದು ಯಾರೋ ಹಿಂದೆ ಅಂದದ್ದೂ ಕೇಳಿಸಿತು. ಲಾರಿ ಹತ್ತಿ ಕೂತೆ.

ದೂರ ಬಂದ ಮೇಲೆ ನಮ್ಮವರು, "ಸೆರಗು ಒಡ್ಡಬೇಕಿತ್ತು, ಬಾಣಂತನ ಮಾಡಿದಾಕಿ" ಎಂದರು. ಈಗಲೂ ಆಗಾಗ ಅನ್ನುತ್ತಾರೆ. ಒಡ್ಡಬೇಕಿತ್ತೆಂದು ನನಗೆ ಈ ಹೊತ್ತಿಗೂ ಅನಿಸಿಲ್ಲ. ಆದರೆ ಮಗಳು ಹೆತ್ತು ನಮ್ಮ ಮನೆಗೆ ಬಂದಾಗ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದು ನನಗೆ ಬರಲಿಲ್ಲ. ನಾನು ಕಲಿತೇ ಇರಲಿಲ್ಲ, ನಮ್ಮ ಮನೆಯಲ್ಲಿ ಅದನ್ನೆಲ್ಲ ಅವಳೇ ಮಾಡುತ್ತಿದ್ದಳು.