ಎಣ್ಣೆ ಗಾಡಿಯ ಪ್ರೊಫೆಸರರು

ಈ ಪ್ರೊಫೆಸರರು ನಿಜವಾಗಿ ಪ್ರೊಫೆಸರರಲ್ಲ. ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಗಾಜಿನ ನಳಿಗೆ ತೊಳೆದು, ಬಾಟಲಿಗಳಿಗೆ ಚೀಟಿ ಅಂಟಿಸಿ ನಿವೃತ್ತರಾದ ಅಟೆಂಡರು. ಹಿಂದೊಮ್ಮೆ ಒಬ್ಬ ಉಪನ್ಯಾಸಕ ತಮಾಷೆಗೆ ಇವರನ್ನು "ಪ್ರೊಫೆಸರೇ" ಎಂದು ಕರೆದಿದ್ದ. ಕರೆದವನು ವರ್ಗವಾಗಿ ಹೋದ. ತಮಾಷೆಯನ್ನೂ ಜೊತೆಗೇ ಕಟ್ಟಿಕೊಂಡು ಹೋದ. ಹೆಸರು ಮಾತ್ರ ಉಳಿಯಿತು. ನಿವೃತ್ತಿಯ ಹೊತ್ತಿಗೆ ಅದು ತಮಗೆ ಸಲ್ಲಬೇಕಾದದ್ದೇ ಎಂಬುದರಲ್ಲಿ ಅವರಿಗೆ ಅನುಮಾನ ಉಳಿದಿರಲಿಲ್ಲ. ಬೀದಿಯಲ್ಲಿ ಯಾರಾದರೂ ಬಿಸಿನೀರಿಗೆ ಕೈ ಸುಟ್ಟುಕೊಂಡರೂ ಇವರು ಶಾಖದ ಹರಿವಿನ ಬಗ್ಗೆ ಕಾಲು ಗಂಟೆ ಮಾತಾಡಿ, ಆಮೇಲೆ ಮುಲಾಮು ಎಲ್ಲಿದೆ ಎಂದು ಕೇಳುತ್ತಿದ್ದರು.

ನಿವೃತ್ತಿಯಾದ ವರ್ಷ ಅವರು ಹಳೆಯ ಡೀಸೆಲ್ ವ್ಯಾನೊಂದನ್ನು ತಂದರು. ಅದನ್ನು ಡೀಸೆಲಿನಲ್ಲಿ ಓಡಿಸಿದರೆ ಎಲ್ಲರ ಹಾಗಾಗುತ್ತದೆ. ಆದ್ದರಿಂದ ಕಾಲೇಜಿನ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಕರಿದು ಚೆಲ್ಲುವ ಎಣ್ಣೆಯಲ್ಲಿ ಓಡಿಸಲು ತೀರ್ಮಾನಿಸಿದರು. ವಾರಕ್ಕೆರಡು ಡಬ್ಬ ಕಪ್ಪೆಣ್ಣೆ ಮನೆಗೆ ಬರತೊಡಗಿತು. ಬಟ್ಟೆ ಒಣಗಿಸುವ ತಂತಿಗೆ ದಿಂಬಿನ ಹೊದಿಕೆಯನ್ನು ಚೀಲದ ಹಾಗೆ ತೂಗುಹಾಕಿ ಅದರಲ್ಲಿ ಸೋಸುವುದು, ಹತ್ತು ದಿನ ಡ್ರಮ್ಮಿನಲ್ಲಿ ತಿಳಿಯಾಗಲು ಬಿಡುವುದು, ಬಾಣಲೆ ಕಾಯಿಸಿ ಒಂದು ಚಮಚ ಹಾಕಿ ಚಟಪಟ ಎನ್ನುತ್ತದೋ ಎಂದು ಕಿವಿಗೊಡುವುದು. ಚಟಪಟ ಎಂದರೆ ನೀರಿದೆ, ಮತ್ತೆ ಹತ್ತು ದಿನ ಕಾಯಬೇಕು. ಮನೆಯ ಪರದೆ, ಟವೆಲು, ಕೊನೆಗೆ ಮಲಗುವ ದಿಂಬು ಕೂಡ ಕ್ಯಾಂಟೀನಿನಂತೆ ನಾರತೊಡಗಿದವು.

"ಕೆಲವರ ಮನೇಲಿ ಗಂಡ ಕುಡೀತಾನೆ," ಎಂದು ಹೆಂಡತಿ ನೆರೆಯವರ ಹತ್ತಿರ ಹೇಳುತ್ತಿದ್ದರು. "ನಮ್ಮನೇಲಿ ಗಾಡಿ ಕುಡಿಯುತ್ತೆ. ಗಂಡಂಗೆ ಬರೀ ಅಮಲು."

ವ್ಯಾನಿನ ಒಳಗಿನ ಕೆಲಸವನ್ನೆಲ್ಲ ಮಾಡಿಕೊಟ್ಟವನು ಹೆಂಡತಿಯ ತಮ್ಮ. ಬೀದಿಯ ತುದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಮೆಕ್ಯಾನಿಕ್. ಮಾತು ಕಡಿಮೆ, ಕೈ ಶುದ್ಧ. ಡೀಸೆಲಿಗೊಂದು ಚಿಕ್ಕ ಟ್ಯಾಂಕು, ಎಣ್ಣೆಗೊಂದು ದೊಡ್ಡ ಟ್ಯಾಂಕು ಕೂರಿಸಿ, ಎಣ್ಣೆ ತೆಳ್ಳಗಾಗಲೆಂದು ಇಂಜಿನ್ನಿನ ಬಿಸಿನೀರಿನ ಪೈಪನ್ನು ಅದರೊಳಗೆ ಹಾಯಿಸಿದ್ದ. ಗೇರಿನ ಪಕ್ಕದಲ್ಲಿ ಕೆಂಪು ಹಿಡಿಯ ಒಂದು ವಾಲ್ವು. ಎಡಕ್ಕೆ ತಿರುಗಿಸಿದರೆ ಡೀಸೆಲ್, ಬಲಕ್ಕೆ ತಿರುಗಿಸಿದರೆ ಎಣ್ಣೆ.

"ಬಾವ, ಇದೊಂದು ಮರೀಬೇಡಿ," ಎಂದಿದ್ದ ಅವನು. "ಸ್ಟಾರ್ಟ್ ಮಾಡೋದು ಡೀಸೆಲಲ್ಲಿ. ಇಂಜಿನ್ ಬಿಸಿಯಾದ್ಮೇಲೆ ಎಣ್ಣೆಗೆ ಹಾಕಿ. ನಿಲ್ಲಿಸೋಕೆ ಐದು ನಿಮಿಷ ಮುಂಚೆ ಮತ್ತೆ ಡೀಸೆಲಿಗೆ ತನ್ನಿ, ಪೈಪೆಲ್ಲ ತೊಳೆದು ಹೋಗುತ್ತೆ. ಎಣ್ಣೆ ಒಳಗಿರುವಾಗ ಆಫ್ ಮಾಡಿದ್ರೆ ಚಳಿಗೆ ಮೇಣದ ಥರ ಕೂತ್ಕೊಳ್ಳುತ್ತೆ. ಬೆಳಿಗ್ಗೆ ಯಾರು ಬಂದ್ರೂ ಎಬ್ಬಿಸೋಕಾಗಲ್ಲ."

"ಸ್ನಿಗ್ಧತೆ ಅಂದ್ರೆ ಏನು ಅಂತ ನನಗೆ ಹೇಳಿಕೊಡ್ತೀಯೇನಯ್ಯ?" ಎಂದರು ಪ್ರೊಫೆಸರರು.

ಆ ಪದ ಬಾಮೈದನಿಗೆ ಗೊತ್ತಿರಲಿಲ್ಲ. ವಸ್ತು ಮಾತ್ರ ಮೊಣಕೈವರೆಗೂ ಮೆತ್ತಿಕೊಂಡಿತ್ತು. ಅವನು ಸುಮ್ಮನೆ ಕೈ ಒರೆಸಿಕೊಂಡ.

ವ್ಯಾನಿನ ಪಕ್ಕದಲ್ಲಿ ಹಸಿರು ಬಣ್ಣದ ದಪ್ಪ ಅಕ್ಷರ ಬರೆಸಲಾಯಿತು: "ಈ ವಾಹನ ಸಸ್ಯಜನ್ಯ ತೈಲದಿಂದ ಚಲಿಸುತ್ತದೆ. ಸಂಶೋಧನೆ: ಪ್ರೊಫೆಸರ್." ಬಾಮೈದನ ಹೆಸರಿಗೆ ಜಾಗ ಸಾಲಲಿಲ್ಲ.

ಎದುರು ಮನೆಯಲ್ಲಿ ಹೊಲಿಗೆಯಕ್ಕ ಇದ್ದರು. ಬೀದಿಯ ಅರ್ಧದಷ್ಟು ಮಕ್ಕಳ ಸಮವಸ್ತ್ರ ಅವರ ಕೈಯಿಂದಲೇ ಬಂದದ್ದು. ಎರಡೂ ಕಣ್ಣಿಗೆ ಪೊರೆ ಬಂದು, ಈಗ ಮಿಷನ್ನನ್ನು ಅಭ್ಯಾಸಬಲದಿಂದ ಓಡಿಸುತ್ತಿದ್ದರು. ಸೂಜಿಗೆ ದಾರ ಪೋಣಿಸುವುದು ಮಾತ್ರ ಅಭ್ಯಾಸಕ್ಕೆ ಬಗ್ಗುವ ಕೆಲಸವಲ್ಲ. ಏಳು ತಿಂಗಳು ಕಾದ ಮೇಲೆ ಆಸ್ಪತ್ರೆಯವರು ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು, ದಾರಿ ಒಂದೂವರೆ ಗಂಟೆಯದು. ಅಕ್ಕ ಮುಂಜಾನೆಯ ಬಸ್ಸು ಹಿಡಿಯುವವರಿದ್ದರು.

"ಬಸ್ಸು ಯಾಕೆ? ನಾನಿದೀನಲ್ಲ, ನನ್ನ ಗಾಡಿ ಇದೆ," ಎಂದರು ಪ್ರೊಫೆಸರರು.

ಹಿಂದಿನ ದಿನ ಸಂಜೆ ಐದಕ್ಕೆ ಅವರು ಎಣ್ಣೆ ತುಂಬಿಸಿಕೊಂಡು ಬಂದು ವ್ಯಾನನ್ನು ಅಕ್ಕನ ಮನೆಯ ಮುಂದೆಯೇ ನಿಲ್ಲಿಸಿದರು. ಇಂಜಿನ್ ಇನ್ನೂ ಓಡುತ್ತಿತ್ತು. ಅಲ್ಲೇ ನಿಂತಿದ್ದ ಸ್ಕೂಲ್ ವ್ಯಾನಿನ ಡ್ರೈವರು, "ಸರ್, ನಿಜವಾಗ್ಲೂ ಎಣ್ಣೇಲೇ ಓಡುತ್ತಾ ಇದು?" ಎಂದು ಕೇಳಿಬಿಟ್ಟ. ಔಷಧಿ ಅಂಗಡಿಯವರು ಬಂದರು. ಇನ್ನೂ ನಾಲ್ಕು ಜನ ಸೇರಿದರು. ಪ್ರೊಫೆಸರರು ಬೀಜದೊಳಗಿನ ಸೂರ್ಯಶಕ್ತಿಯಿಂದ ಶುರುಮಾಡಿ ಮನುಕುಲದ ಭವಿಷ್ಯಕ್ಕೆ ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಕೊನೆಗೆ ಹೊಗೆಕೊಳವೆಯ ಹತ್ತಿರ ಎಲ್ಲರನ್ನೂ ಬಗ್ಗಿಸಿ ವಾಸನೆ ಹಿಡಿಸಿ, "ಇದು ಹೊಗೆ ಅಲ್ಲ, ನಾಳೆ" ಎಂದು ಹೇಳಿ, ಕಿಟಕಿಯೊಳಗೆ ಕೈಹಾಕಿ ಠೀವಿಯಿಂದ ಕೀಲಿ ತಿರುಗಿಸಿದರು. ಇಂಜಿನ್ ನಿಂತಿತು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯನ್ನು ಹೊತ್ತುಕೊಂಡು ಅವರು ಚಹಾ ಕುಡಿಯಲು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಉಸಿರು ಬಿಟ್ಟರೆ ಆವಿಯಾಗುವಷ್ಟು ಚಳಿ. ಹೊಲಿಗೆಯಕ್ಕ ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು, ಆಸ್ಪತ್ರೆಯ ಕಾಗದದ ಚೀಲವನ್ನು ಎದೆಗವಚಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಪ್ರೊಫೆಸರರು ಕೀಲಿ ತಿರುಗಿಸಿದರು. ಕರ್ ಕರ್ ಕರ್. ಇನ್ನೊಮ್ಮೆ. ಕರ್ ಕರ್. ಆರೇಳು ಸಲ ಆದ ಮೇಲೆ ಬ್ಯಾಟರಿಯೂ ಸುಸ್ತಾಗಿ ಬರೀ ಟಕ್ ಎಂದಿತು. ಆಗ ಅವರ ಕಣ್ಣು ಗೇರಿನ ಪಕ್ಕಕ್ಕೆ ಹೋಯಿತು. ಕೆಂಪು ಹಿಡಿ ಬಲಗಡೆ ಇತ್ತು.

ಹೊರಗೆ ಜನ ಸೇರುತ್ತಿದ್ದರು, ನಿನ್ನೆ ಚಪ್ಪಾಳೆ ತಟ್ಟಿದ ಅದೇ ಜನ. ಪ್ರೊಫೆಸರರು ಜೇಬಿನಿಂದ ಕರವಸ್ತ್ರ ತೆಗೆದು ಹಿಡಿಯ ಮೇಲೆ ಹಾಕಿ, ಬಿದ್ದದ್ದನ್ನು ಎತ್ತಿಕೊಳ್ಳುವವರ ಹಾಗೆ ಬಗ್ಗಿ, ಬಟ್ಟೆಯ ಅಡಿಯಲ್ಲೇ ಅದನ್ನು ಎಡಕ್ಕೆ ತಿರುಗಿಸಿದರು. ಆಮೇಲೆ ಕೆಳಗಿಳಿದು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಬಾಮೈದನ ಕೆಲಸ. ವಾಲ್ವು ಸರಿಯಾಗಿ ಕೂರಿಸಿಲ್ಲ. ಏನ್ ಮಾಡೋದು, ಮನೆಯವನು ಅಂತ ನಂಬಿದೆ."

ಬಾಮೈದ ಓಡಿ ಬಂದ. ಫಿಲ್ಟರ್ ಬಿಚ್ಚಿ, ಒಳಗಿದ್ದುದನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದ. ಗಟ್ಟಿ ಮೇಣ. ಎಡಕ್ಕಿದ್ದ ಕೆಂಪು ಹಿಡಿಯನ್ನು ನೋಡಿದ. ಬಾವನ ಮುಖ ನೋಡಿದ.

"ನಿಂದೇ ಏನಯ್ಯ ತಪ್ಪು?" ಎಂದು ಔಷಧಿ ಅಂಗಡಿಯವರು ಕೇಳಿದರು.

"ನೋಡ್ಬೇಕು," ಎಂದಷ್ಟೇ ಹೇಳಿ ಅವನು ಮತ್ತೆ ಬಗ್ಗಿದ.

ಗಾಡಿ ಎದ್ದದ್ದು ಒಂಬತ್ತೂಕಾಲಿಗೆ. ಬಸ್ಸು ಎಂದೋ ಹೋಗಿತ್ತು. ಸ್ಕೂಲ್ ವ್ಯಾನಿನವನಿಗೆ ಮಕ್ಕಳನ್ನು ಬಿಡಬೇಕಿತ್ತು, ಬಾಡಿಗೆ ಕಾರಿನವನು ಬೇರೆ ಊರಲ್ಲಿದ್ದ. ಆಸ್ಪತ್ರೆಗೆ ಫೋನು ಮಾಡಿದರೆ ಹನ್ನೊಂದು ವಾರದ ನಂತರದ ದಿನ ಕೊಟ್ಟರು. ಹೊಲಿಗೆಯಕ್ಕ ಒಳಗೆ ಹೋಗಿ, ಒಳ್ಳೆಯ ಬಟ್ಟೆ ಬಿಚ್ಚಿ ಮಡಿಸಿ ಪೆಟ್ಟಿಗೆಗೆ ಹಾಕಿದರು.

ಆಮೇಲಿನ ದಿನಗಳಲ್ಲಿ ಪ್ರೊಫೆಸರರ ಮಾತು ಬೀದಿಯಲ್ಲಿ ತನ್ನ ಪಾಡಿಗೆ ತಾನು ಓಡಾಡಿತು. ಸ್ಕೂಲ್ ವ್ಯಾನಿನವನು ಬ್ರೇಕಿನ ಕೆಲಸಕ್ಕೆ ಬೇರೆ ಗ್ಯಾರೇಜಿಗೆ ಹೋದ. "ಮಕ್ಕಳ ಗಾಡಿ ನೋಡಿ, ರಿಸ್ಕ್ ಬೇಡ," ಎಂದ. ಔಷಧಿ ಅಂಗಡಿಯವರ ಸ್ಕೂಟರೂ ಅದೇ ದಾರಿ ಹಿಡಿಯಿತು. ಬಾಮೈದನ ಗ್ಯಾರೇಜಿನ ಶಟರು ಹಾಡಹಗಲೇ ಅರ್ಧ ಇಳಿದಿರುತ್ತಿತ್ತು. ಅವನು ಬಾವನ ಮನೆಗೆ ಬಂದರೆ ಮೊದಲಿನ ಹಾಗೇ "ಬಾವ, ಎಣ್ಣೆ ಸೋಸಿದ್ದಾಯ್ತಾ?" ಎಂದು ಕೇಳುತ್ತಿದ್ದ. ಬೈದಿದ್ದರೆ ಪ್ರೊಫೆಸರರು ತಿರುಗಿ ಬೈದು ಹಗುರಾಗುತ್ತಿದ್ದರು. ಈ ಪ್ರಶ್ನೆಗೆ ತಿರುಗಿ ಏನು ಹೇಳುವುದು? ಊಟದ ತಟ್ಟೆಯ ಮುಂದೆ ಕೂತರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಡತಿ ಒಮ್ಮೆ ಮುಖ ನೋಡಿ, "ಗಾಡಿಗೆ ಬಂದ ರೋಗ ನಿಮಗೂ ಬಂತಾ?" ಎಂದರು.

ಒಂದು ದಿನ ಅವರು ಎದುರು ಮನೆಗೆ ಹೋಗಿ, "ಅಕ್ಕ, ಸೂಜಿಗೆ ದಾರ ಪೋಣಿಸಿಕೊಡ್ತೀನಿ," ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಮೂವತ್ತು ಸೂಜಿ. ಬಿಳಿ ಹತ್ತು, ನೀಲಿ ಹತ್ತು, ಕಪ್ಪು ಹತ್ತು. ಗಾಜಿನ ನಳಿಗೆ ಹಿಡಿದು ಪಳಗಿದ ಕೈ, ನಡುಗುತ್ತಿರಲಿಲ್ಲ. ಪೋಣಿಸಿದ್ದನ್ನು ಹತ್ತಿಯ ಗಾದಿಗೆ ಸಾಲಾಗಿ ಚುಚ್ಚಿಟ್ಟು ಎದ್ದು ಬರುವರು. ಭಾಷಣ ಇಲ್ಲ. ಬೀದಿಯವರಿಗೆ ಇದೂ ಅವರ ದೊಡ್ಡತನವಾಗಿಯೇ ಕಂಡಿತು.

ಮೂರನೆಯ ವಾರ ಅವರಿಗೆ ತಡೆಯಲಾಗಲಿಲ್ಲ. "ಅಕ್ಕ, ಒಂದು ಮಾತು ಹೇಳ್ಬೇಕು," ಎಂದರು.

ಅಕ್ಕ ಮಿಷನ್ ನಿಲ್ಲಿಸಲಿಲ್ಲ. "ಆವತ್ತು ಸಂಜೆ ತಿರುಗಿಸೋದು ಮರೆತಿದ್ದಾ?"

ಪ್ರೊಫೆಸರರ ಕೈಯ ಸೂಜಿ ಅಲ್ಲೇ ನಿಂತಿತು.

"ಕಣ್ಣು ಮಂಜು, ಮೂಗು ಮಂಜಾಗಿಲ್ಲ," ಎಂದರು ಅಕ್ಕ. "ದಿನಾ ನೀವು ಮನೆಗೆ ಬರೋ ಹೊತ್ತಿಗೆ ಕರಿದ ವಾಸನೆ ಹೋಗಿ ಡೀಸೆಲ್ ವಾಸನೆ ಬಂದಿರುತ್ತೆ. ಆವತ್ತು ಕೊನೇವರೆಗೂ ಆಲೂಗಡ್ಡೆ. ನನ್ನ ಕಿಟಕಿ ಕೆಳಗೇ ತಾನೇ ನಿಲ್ಲಿಸಿದ್ದು?"

"ಮತ್ತೆ ಯಾರಿಗೂ ಹೇಳಲಿಲ್ಲ ನೀವು."

"ನಾನ್ಯಾಕೆ ಹೇಳ್ಲಿ? ನಂಗೆ ಹೇಳಿ ತಾನೇ ನಿಮಗೇನಾಗ್ಬೇಕು? ನನ್ನ ಮಿಷನ್ ಕೆಟ್ಟರೆ ಇವತ್ತಿಗೂ ನಿಮ್ಮ ಬಾಮೈದನ್ನೇ ಕರೆಯೋದು. ಅವನ ಹತ್ರ ಹೋಗೋದು ಬಿಟ್ಟಿದಾರಲ್ಲ, ಅವರಿಗೆ ಹೇಳಿ." ಗಾದಿಯ ಸಾಲಿನ ಮೇಲೆ ಬೆರಳಾಡಿಸಿ, "ನೀಲಿ ಒಂಬತ್ತೇ ಇದೆ," ಎಂದರು.

ಅಂದು ಸಂಜೆಯೇ ಪ್ರೊಫೆಸರರು ಔಷಧಿ ಅಂಗಡಿಗೆ ಹೋದರು. ಸ್ಕೂಲ್ ವ್ಯಾನಿನವನೂ ಅಲ್ಲಿದ್ದ. ಇಬ್ಬರಿಗೂ ಕೇಳುವಂತೆ, "ಆವತ್ತು ಗಾಡಿ ಕೆಟ್ಟದ್ದು ನನ್ನಿಂದ. ಬಾಮೈದನದೇನೂ ತಪ್ಪಿಲ್ಲ," ಎಂದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಔಷಧಿ ಅಂಗಡಿಯವರ ಕಣ್ಣು ತೇವವಾಯಿತು.

"ಸರ್, ದೊಡ್ಡವರು ನೀವು," ಎಂದ ಡ್ರೈವರು. "ಅವನ ತಪ್ಪನ್ನ ನಿಮ್ಮ ತಲೆ ಮೇಲೆ ಹೊತ್ಕೊಳ್ತಿದೀರಿ. ನಮಗರ್ಥ ಆಗಲ್ವಾ?"

"ಇಲ್ಲಯ್ಯ, ನಿಜವಾಗ್ಲೂ ನಾನೇ."

"ನೋಡಿ, ಹೇಗೆ ಹೇಳ್ತಾರೆ. ಇಂಥ ಬಾವ ಸಿಗೋಕೆ ಪುಣ್ಯ ಬೇಕು."

ಪ್ರೊಫೆಸರರು ಮತ್ತೆ ವಾದಿಸಲಿಲ್ಲ. ಮನೆಗೆ ನಡೆದು ಹೋಗುವಾಗ ಆ ಮಾತು ಬಾಯಲ್ಲಿ ಬೆಲ್ಲದ ಚೂರಿನ ಹಾಗೆ ಕರಗುತ್ತಿತ್ತು. ಗೇಟಿನ ಹತ್ತಿರ ಬರುವಾಗ ತಾನು ಅದನ್ನು ಚಪ್ಪರಿಸುತ್ತಿದ್ದೇನೆ ಎಂಬುದು ಅವರಿಗೆ ತಿಳಿಯಿತು. ಸುಳ್ಳು ಹೇಳಿದ ದಿನವೂ ಅಷ್ಟು ನಾಚಿಕೆಯಾಗಿರಲಿಲ್ಲ.

ಬಾಯಿಮಾತನ್ನು ಜನ ನಂಬುವುದಿಲ್ಲವೆಂದರೆ ಪ್ರಯೋಗವೇ ಆಗಬೇಕು. ಶನಿವಾರ ಸಂಜೆ ಅವರು ಎಲ್ಲರನ್ನೂ ಕರೆದರು. ಸುದ್ದಿ ತಿಳಿದು ಬಾಮೈದ ಓಡಿಬಂದು, ಕಿವಿಯ ಹತ್ತಿರ, "ಬಾವ, ಬೇಡ. ಪಂಪು ಹಾಳಾಗುತ್ತೆ," ಎಂದ.

"ಹಾಳಾಗ್ಲಿ," ಎಂದರು ಪ್ರೊಫೆಸರರು. ಆಮೇಲೆ ಬಾಗಿಲು ತೆರೆದು, "ಈ ಹಿಡಿ ಬಲಗಡೆ ಇದೆ, ನೋಡ್ಕೊಳ್ಳಿ. ಆವತ್ತೂ ಇಲ್ಲೇ ಇತ್ತು," ಎಂದು, ಎಣ್ಣೆಯಲ್ಲೇ ಓಡುತ್ತಿದ್ದ ಇಂಜಿನ್ ನಿಲ್ಲಿಸಿ, ಕೀಲಿಯನ್ನು ಸ್ಕೂಲ್ ವ್ಯಾನಿನವನ ಕೈಗೆ ಕೊಟ್ಟರು. ಅಷ್ಟೇ ಭಾಷಣ. ಜನ ಇನ್ನೂ ಏನೋ ಇದೆ ಎಂದು ಕಾದು ನೋಡಿ ಚದುರಿದರು.

ಭಾನುವಾರ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದು ಪ್ರೊಫೆಸರರು ಉಸಿರು ಬಿಟ್ಟು ನೋಡಿದರು. ಆವಿ ಕಾಣಲಿಲ್ಲ. ಚಳಿ ಕಡಿಮೆಯಾಗಿತ್ತು. ಗಾಡಿ ಸ್ಟಾರ್ಟ್ ಆಗಿಬಿಟ್ಟರೆ? ಹಿಡಿ ಬಲಗಡೆ ಇದ್ದರೂ ತೊಂದರೆಯಿಲ್ಲ, ಕೆಟ್ಟದ್ದು ವಾಲ್ವೇ ಎಂದು ಎಲ್ಲರ ಮುಂದೆ ಸಾಬೀತಾಗುತ್ತದೆ. ಬಾಮೈದನಿಗೆ ತಾನೇ ಎರಡನೆಯ ಸಲ ಮಸಿ ಬಳಿದಂತಾಗುತ್ತದೆ. ಜೀವಮಾನವೆಲ್ಲ ಪ್ರಯೋಗ ಗೆಲ್ಲಲಿ ಎಂದು ಬಯಸಿದವರು, ಜನ ಸೇರಿದ ಮೇಲೆ ಸ್ಕೂಲ್ ವ್ಯಾನಿನವನಿಂದ ಕೀಲಿ ಇಸಿದುಕೊಂಡು ಸೀಟಿನಲ್ಲಿ ಕೂತು, ಸ್ಟಾರ್ಟ್ ಆಗಬೇಡ ಮಾರಾಯ, ಎಂದು ಬೇಡಿಕೊಂಡರು.

ಕರ್ ಕರ್ ಕರ್. ಕರ್ ಕರ್. ಒಮ್ಮೆ ಡಬ್ ಎಂದು ಕೆಮ್ಮಿ ಒಂದು ಉಂಡೆ ಹೊಗೆ ಬಿಟ್ಟಿತು. ಪ್ರೊಫೆಸರರು ಕಣ್ಣು ಮುಚ್ಚಿದರು. ಹೊಗೆ ಚದುರಿತು, ಇಂಜಿನ್ ಮಲಗಿತು. ಇನ್ನೂ ನಾಲ್ಕು ಸಲ ತಿರುಗಿಸಿದರೂ ಏಳಲಿಲ್ಲ.

ಅವರು ಕೆಳಗಿಳಿದರು. "ಆವತ್ತು ಆದದ್ದು ಇದೇ. ಭಾಷಣದ ಗುಂಗಿನಲ್ಲಿ ತಿರುಗಿಸಲಿಲ್ಲ. ಬೆಳಿಗ್ಗೆ ನೋಡಿದೆ, ಕರವಸ್ತ್ರ ಮುಚ್ಚಿ ಕದ್ದು ತಿರುಗಿಸಿದೆ. ಆಮೇಲೆ ಇವನ ಮೇಲೆ ಹಾಕಿದೆ. ಇವನಿಗೆ ಆಗಲೇ ಗೊತ್ತಿತ್ತು."

ಔಷಧಿ ಅಂಗಡಿಯವರು ಗಡಿಯಾರ ನೋಡಿಕೊಂಡರು. ಸ್ಕೂಲ್ ವ್ಯಾನಿನವನು, "ಹಾಗಾದ್ರೆ ಆ ಅಕ್ಕನ ಕಣ್ಣು..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ. ಅವನು "ಸರ್" ಎನ್ನದೇ ಇದ್ದದ್ದು ಪ್ರೊಫೆಸರರ ಕಿವಿಗೆ ತಪ್ಪಲಿಲ್ಲ. ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ಹೆಂಡತಿ ನಿಧಾನಕ್ಕೆ ಪರದೆ ಎಳೆದರು. ಗಂಡನ ಮಾನಕ್ಕೆ ಅಷ್ಟಾದರೂ ಮರೆ ಇರಲೆಂದೋ ಏನೋ.

ಬಾಮೈದ ಕೆಟಲಿನಲ್ಲಿ ಬಿಸಿನೀರು ತಂದು ಫಿಲ್ಟರಿನ ಮೇಲೆ ಹೊಯ್ಯತೊಡಗಿದ. ಡ್ರೈವರು ಅವನ ಪಕ್ಕದಲ್ಲಿ ಹೋಗಿ ನಿಂತು, ಸುಮ್ಮನೆ ಕಾಲಿನಿಂದ ಕಲ್ಲೊಂದನ್ನು ಉರುಳಿಸುತ್ತ, "ಬ್ರೇಕು ಸ್ವಲ್ಪ ಸದ್ದು ಮಾಡ್ತಿದೆ. ನಾಳೆ ತರಲಾ?" ಎಂದ.

"ನಾಳೆ ಆಗಲ್ಲ," ಎಂದ ಬಾಮೈದ, ತಲೆ ಎತ್ತದೆ. "ನಾಡಿದ್ದು ತಾ."

ಆಸ್ಪತ್ರೆಯವರು ಹೇಳಿದ್ದ ಹನ್ನೊಂದು ವಾರ ಕಳೆಯಿತು. ಪ್ರೊಫೆಸರರು ಥಿನ್ನರ್ ಹಚ್ಚಿ ವ್ಯಾನಿನ ಮೇಲಿನ "ಸಂಶೋಧನೆ: ಪ್ರೊಫೆಸರ್" ಎಂಬುದನ್ನು ಉಜ್ಜಿದ್ದರು. ಬಣ್ಣ ಹೋಗಿತ್ತು, ಅಕ್ಷರದ ಅಚ್ಚು ಹೋಗಿರಲಿಲ್ಲ. ಮುಂಜಾನೆ ಎದ್ದು ಹಿಡಿಯನ್ನು ಮೂರು ಸಲ ನೋಡಿ, ಹೊಲಿಗೆಯಕ್ಕನನ್ನು ಏಳೂವರೆಗೇ ಆಸ್ಪತ್ರೆಗೆ ಮುಟ್ಟಿಸಿದರು. ಮಾರನೆಯ ದಿನ ಕಪ್ಪು ಕನ್ನಡಕ ಹಾಕಿದ ಅಕ್ಕನನ್ನು ವಾಪಸು ಕರೆತರುವಾಗ, ಬೀದಿ ಇನ್ನೂ ದೂರವಿರುವಂತೆಯೇ ಹಿಂದಿನ ಸೀಟಿನಿಂದ ಮಾತು ಬಂತು: "ಇನ್ನೂ ಆಲೂಗಡ್ಡೆ ವಾಸನೇನೇ ಬರ್ತಿದೆ. ತಿರುಗಿಸಿ."

ಪ್ರೊಫೆಸರರು ಎಡಕ್ಕೆ ತಿರುಗಿಸಿದರು.

ಕಣ್ಣು ವಾಸಿಯಾಗಿ ಅಕ್ಕ ಮತ್ತೆ ಮಿಷನ್ನಿಗೆ ಕೂತ ದಿನ ಅವರು ಎಂದಿನಂತೆ ಎದುರು ಮನೆಗೆ ಹೋದರು. ಅಕ್ಕ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ನಿಂತಿದ್ದರು. ಒಮ್ಮೆ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲ ನೀಲಿ ದಾರ ಸರಕ್ಕನೆ ಒಳಹೊಕ್ಕಿತು.

"ಇನ್ನು ನೀವು ಬರಬೇಕಾಗಿಲ್ಲ," ಎಂದರು ಅಕ್ಕ. ಅವರ ದನಿಯಲ್ಲಿ ಸಂತೋಷವೇ ಇತ್ತು.

ಪ್ರೊಫೆಸರರು ತಲೆಯಾಡಿಸಿದರು. ಆದರೂ ಕೈ ಕಟ್ಟಿಕೊಂಡು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದರು. ನಾಳೆ ಬೆಳಿಗ್ಗೆ ಎದ್ದರೆ ಎಲ್ಲಿಗೆ ಹೋಗಿ ಕೂರುವುದೆಂದು ಅವರಿಗೆ ತೋಚಲಿಲ್ಲ.