ಭಾಯಿಯ ಉರ್ದು, ನನ್ನ ಕನ್ನಡ, ಒಂದು ಸಾಫ್ಟ್‌ವೇರ್

ಸ್ಟಿಕ್ಕರ್ ಕತ್ತರಿಸುವ ಮಷೀನು ಹುಮನಾಬಾದದ ನಮ್ಮ ಅಂಗಡಿಗೆ ಬಂದ ವರ್ಷವನ್ನು ನೆನೆದರೆ ಈಗಲೂ ಸುಸ್ತಾಗುತ್ತದೆ. ಮಷೀನು ತರುವುದೇ ದೊಡ್ಡ ಕೆಲಸ ಎಂದುಕೊಂಡಿದ್ದೆವು. ಅಕ್ಷರವನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಅದಕ್ಕೆ ಕಳಿಸುವ ಸಾಫ್ಟ್‌ವೇರ್ ಬೇರೆ ಬೇಕು ಅಂತ ಆಮೇಲೆ ತಿಳಿಯಿತು. ಮಾರಿದ ಮಹಾಶಯ ಅದನ್ನು ಬಾಯಿಬಿಟ್ಟಿರಲಿಲ್ಲ.

ಅಲ್ಲಿಯವರೆಗೆ ನಾವು ಬ್ರಷ್ಷಿನಲ್ಲಿ ಬೋರ್ಡ್ ಬರೆಯುವವರು. ನಾನು ಕನ್ನಡ, ನನ್ನ ಪಾಲುದಾರ ಭಾಯಿ ಉರ್ದು. ಭಾಯಿ ನನಗಿಂತ ಹಿರಿಯರು. ಒಂದೇ ಬೋರ್ಡಿಗೆ ಎರಡೂ ಬೇಕಿದ್ದರೆ ಇಬ್ಬರೂ ಒಟ್ಟಿಗೇ ಶುರು ಮಾಡುತ್ತಿದ್ದೆವು, ನಾನು ಮೇಲಿನ ಸಾಲನ್ನು ಎಡದ ತುದಿಯಿಂದ, ಅವರು ಕೆಳಗಿನದನ್ನು ಬಲದ ತುದಿಯಿಂದ. ನಡುವೆ ಎದುರಾದಾಗ ಅವರು ತಮ್ಮ ಸಾಲಿಗೆ ಇನ್ನಷ್ಟು ಬಗ್ಗುತ್ತಿದ್ದರು, ನಾನು ಅವರ ತಲೆಯ ಮೇಲಿಂದ ಕೈ ಚಾಚುತ್ತಿದ್ದೆ. ಅವರ ಟೋಪಿಗೆ ಬಣ್ಣ ಬಿದ್ದರೆ ಬೈಸಿಕೊಳ್ಳುತ್ತಿದ್ದೆ.

ಕೇಳಿದ್ದಕ್ಕೆ, ಮಷೀನು ಮಾರಿದ ಆ ಡೀಲರ್ ಎರಡು ಸಾಫ್ಟ್‌ವೇರ್ ಕೊಟ್ಟು, ನೋಡಿ ಒಂದನ್ನು ಇಟ್ಟುಕೊಳ್ಳಿ ಎಂದು ಹೋದ. ಎರಡನ್ನೂ ಹಾಕಿದರೆ ನಮ್ಮ ಹಳೆ ಕಂಪ್ಯೂಟರ್ ಏಳುತ್ತಲೇ ಇರಲಿಲ್ಲ. ಮೊದಲನೆಯದರಲ್ಲಿ ಕನ್ನಡ ಚೆಂದ. ಉರ್ದು ಹಾಕಿದರೆ ಕೂಡಿಕೊಂಡಿರಬೇಕಾದ ಅಕ್ಷರಗಳೆಲ್ಲ ಜಗಳವಾಡಿದವರ ಹಾಗೆ ದೂರ ದೂರ ನಿಲ್ಲುತ್ತಿದ್ದವು. ಎರಡನೆಯದರಲ್ಲಿ ಉರ್ದು ಭಾಯಿಯ ಕೈಬರಹದಷ್ಟೇ ಸೊಗಸು. ಆದರೆ ಕನ್ನಡದ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗಿದ ಕಡೆಯೆಲ್ಲ ಬ್ಲೇಡು ಹಾದು, ಕತ್ತಲಲ್ಲಿ ಬೆಳಕು ಬಿದ್ದರೆ ಹೊಳೆಯುವ ರೇಡಿಯಂ ಹಾಳೆ ಕೀಳುವಾಗ ಚೂರುಚೂರಾಗಿ ಬರುತ್ತಿತ್ತು.

ಕಬ್ಬಿನ ಹಂಗಾಮು ಶುರುವಾಗಿತ್ತು. ಹಳ್ಳಿಖೇಡದ ಟ್ರ್ಯಾಕ್ಟರಿನವರು ಟ್ರಾಲಿಯ ಹಿಂದೆ ಹೆಸರು ಬೇಕೆಂದು ಬಾಗಿಲಲ್ಲಿ ನಿಂತಿರುತ್ತಿದ್ದರು. ನಾನು ಎರಡನೆಯದನ್ನೇ ಹಾಕಿಕೊಂಡು, ಸೂಜಿಯ ತುದಿಯಿಂದ ಒತ್ತಕ್ಷರದ ಚೂರುಗಳನ್ನು ಆರಿಸುತ್ತ, ಎಲ್ಲರ ಮೇಲೂ ರೇಗುತ್ತ ಕೂತಿದ್ದೆ. ಬಣ್ಣದ ಬೋರ್ಡು ಕೇಳುವವರು ಆಗಲೇ ಕಡಿಮೆಯಾಗಿದ್ದರು. ಭಾಯಿ ಕನ್ನಡ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಕನ್ನಡದ್ದನ್ನು ಇಟ್ಟುಕೊಂಡರೆ ಅವರಿಗೆ ಅಂಗಡಿಯಲ್ಲಿ ಕೆಲಸವೇ ಉಳಿಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಈ ಕಸ ಯಾಕ ಆರ್ಸಾಕತ್ತೀದಿ ತಮ್ಮಾ? ಕನ್ನಡದ್ದೇ ಇಟ್ಕೋ," ಎಂದರು ಭಾಯಿ.

"ಮತ್ತ ನೀವೇನ್ ಮಾಡ್ತೀರಿ ಭಾಯಿ?"

"ನಾ ನೋಡ್ಕೋತೀನಿ. ಗಿರಾಕಿ ನಿಂತಾರ, ಮೊದ್ಲ ಅವರ್ನ ನೋಡು."

ಅವರು ಜಗಳಕ್ಕೆ ಬಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಉರ್ದುವಿನ ಸಾಫ್ಟ್‌ವೇರನ್ನು ಕಂಪ್ಯೂಟರಿನಿಂದ ತೆಗೆಯಲು ಹೊರಟೆ. ಅದು, ತೆಗೆಯಲೇ ಎಂದು ಮತ್ತೊಮ್ಮೆ ಕೇಳಿತು. ಹೌದು ಅಂತ ಒತ್ತಿದೆ.

ಹಂಗಾಮು ಮುಗಿಯುವ ಹೊತ್ತಿಗೆ ಭಾಯಿ ಬಸವಕಲ್ಯಾಣಕ್ಕೆ ಹೋಗಿ ಆಟೊ ಹೊಡೆಯತೊಡಗಿದ್ದರು. ಒಂದು ಮಧ್ಯಾಹ್ನ ಆಟೊ ತಂದು ಅಂಗಡಿಯ ಮುಂದೆ ನಿಲ್ಲಿಸಿದರು.

"ಹಿಂದ ಮಗಳ ಹೆಸರು ಹಚ್ಚು."

"ನೀವೇ ಉರ್ದುನಾಗ ಬರೀರಿ ಭಾಯಿ. ಬಣ್ಣ, ಬ್ರಷ್ಷು ಎಲ್ಲಾ ಇಲ್ಲೇ ಅವ."

"ಬಣ್ಣ ಕತ್ತಲದಾಗ ಹೊಳಿಯಂಗಿಲ್ಲ ತಮ್ಮಾ. ಆಕಿಗಿ ಹೊಳಿಯೋದೇ ಬೇಕಂತ."

ಹೆಸರನ್ನು ಕನ್ನಡದಲ್ಲೇ ಕೆಂಪು ರೇಡಿಯಂನಲ್ಲಿ ಕತ್ತರಿಸಿ, ಗುಳ್ಳೆ ಏಳದಂತೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಅಂಟಿಸಿದೆ. ಭಾಯಿ ಹಿಂದೆ ಸರಿದು ನಿಂತು ಬಹಳ ಹೊತ್ತು ನೋಡಿದರು.

"ಚಂದ ಅದ," ಎಂದರು. "ಈಗ ಓದಿ ಹೇಳು."